ಸಾಹೇಬರು ಹೆಂಡತಿಯ ಹೆಸರು ಕೇಳಿದ್ದು

ವಯಸ್ಕರ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿ ಆರು ವರ್ಷ, ಅದಕ್ಕೂ ಮೊದಲು ಮೇಷ್ಟರಾಗಿ, ಮೇಲ್ವಿಚಾರಕರಾಗಿ ಹದಿನಾರು ವರ್ಷ. ಇಷ್ಟು ಕಾಲದಲ್ಲಿ ಸಾಹೇಬರು ಯಾವ ತರಗತಿಯಲ್ಲೂ ತಬ್ಬಿಬ್ಬಾದವರಲ್ಲ. ಆ ಮಂಗಳವಾರ ಮಧ್ಯಾಹ್ನ ಮಾತ್ರ ಆದರು. ಊರಿನ ಆ ತುದಿಯಲ್ಲಿ, ಲಾಂಡ್ರಿಯ ಮೇಲಿನ ಮಹಡಿಯ ಕಲಿಕಾ ಕೇಂದ್ರದ ತಪಾಸಣೆಗೆ ಹೋದಾಗ, ಮೂರನೇ ಬೆಂಚಿನಿಂದ ಎದ್ದು ನಿಂತವಳು ಅವರ ಸ್ವಂತ ಹೆಂಡತಿ.

"ನಮ್ಮ ಕ್ಲಾಸಿನ ಮಾಣಿಕ್ಯ ಸಾರ್. ಎಂಟೇ ತಿಂಗಳಿಗೆ ಪುಸ್ತಕ ಓದ್ತಾರೆ," ಎಂದರು ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತರಾಗಿ ಇಲ್ಲಿ ಪಾಠ ಹೇಳುತ್ತಿದ್ದ ಅವರನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ.

ಅವಳು ಪುಸ್ತಕದ ಅಂಚಿನ ಮೇಲಿಂದ ನೋಡಿದಳು. ಗಂಡನನ್ನು ಕಂಡ ಕಣ್ಣು ಮೊದಲು ಬೆದರಿತು, ಆಮೇಲೆ ಮೆಲ್ಲಗೆ ನಗಲು ಹೊರಟಿತು. ಸಿಕ್ಕಿಬಿದ್ದೆ ನೋಡಿ ಅನ್ನುವ ನಗು. ಮದುವೆಯಾದ ಹೊಸತರಲ್ಲಿ ಬಾಗಿಲ ಮರೆಯಿಂದ ಇವರ ನಿದ್ದೆ ಕೆಡಿಸುತ್ತಿದ್ದ ಅದೇ ನಗು.

ಸಾಹೇಬರು ತಾವೂ ನಕ್ಕಿದ್ದರೆ ಈ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಮಹಾನುಭಾವರು ಏನು ಮಾಡಿದರು ಗೊತ್ತೇ? ಜೊತೆಗೆ ಬಂದಿದ್ದ ಇಬ್ಬರು ಅಧಿಕಾರಿಗಳತ್ತ ಕಳ್ಳನೋಟ ಬೀರಿ, ಪೆನ್ನು ತೆರೆದು, ಗಂಟಲು ಸರಿಮಾಡಿಕೊಂಡು, "ನಿಮ್ಮ ಹೆಸರೇನಮ್ಮಾ?" ಎಂದು ಕೇಳಿದರು.

ನಗು ಅಲ್ಲೇ ನಿಂತಿತು. ಅವಳು ಹೆಸರು ಹೇಳಿದಳು. ಅವರು ಬರೆದುಕೊಂಡರು.

ತಪಾಸಣೆಯ ಫಾರಂನಲ್ಲಿ ಇನ್ನೊಂದು ಪ್ರಶ್ನೆಯಿತ್ತು. ಮನೆಯಲ್ಲಿ ಓದುಬರಹ ಬಲ್ಲವರಿದ್ದಾರೆಯೇ, ಕಲಿಕೆಗೆ ನೆರವಾಗುತ್ತಾರೆಯೇ ಎಂದು. ಹಟ ಹಿಡಿದು ಅದನ್ನು ಸೇರಿಸಿದವರೂ ಇವರೇ. ಈಗ ಹಾರಿಸಿಬಿಡೋಣವೆಂದು ನೋಡಿದರೆ, ಕಿರಿಯ ಅಧಿಕಾರಿ ಬಿಡದೆ ಓದಿ ಕೇಳಿಯೇಬಿಟ್ಟ.

"ಇದಾರೆ. ಪಾಪ, ಅವರಿಗೆ ತುಂಬ ಕೆಲಸ," ಎಂದಳು, ಸಾಹೇಬರ ಪೆನ್ನನ್ನೇ ನೋಡುತ್ತ.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವರಿಗೆ. ನೆಲಕ್ಕೇನು ಬೇರೆ ಕೆಲಸವಿಲ್ಲವೇ! ಕೆಳಗೆ ಲಾಂಡ್ರಿಯ ಯಂತ್ರ ಗುಡುಗುಡು ಎನ್ನುತ್ತಲೇ ಇತ್ತು. ಇವರು ಅವಳ ಉತ್ತರವನ್ನೂ ಬರೆದುಕೊಂಡರು.

ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಅದು ಒಂದೇ ದಿನದಲ್ಲಿ ಕವಿದದ್ದಲ್ಲ. ಎಳೆಯ ಮೇಷ್ಟರಾಗಿದ್ದಾಗ ಇವರೇ ಹೆಂಡತಿಯನ್ನು ಪಾಠಕ್ಕೆ ಕೂರಿಸಿದ್ದರು. ಅವಳು ಪದಪದಕ್ಕೂ ತಡೆಯುತ್ತಿದ್ದಳು, ಇವರಿಗೆ ಕಾಯುವ ತಾಳ್ಮೆಯಿಲ್ಲ. ಐದನೇ ದಿನ, ಇದು ನಿನ್ನ ತಲೆಗೆ ಹತ್ತೋದಲ್ಲ ಬಿಡು ಎಂದು ಎದ್ದುಹೋದರು. ಬಡ್ತಿ ಸಿಕ್ಕ ಹಾಗೆಲ್ಲ ಮನೆಯವರನ್ನೂ ಕರೆತನ್ನಿ ಎಂಬ ಆಹ್ವಾನಗಳು ಬಂದವು. ಅವಳಿಗೆ ಹುಷಾರಿಲ್ಲ ಎಂದರು ಇವರು. ಕಚೇರಿಯವರ ಪ್ರಕಾರ ಆಕೆಗೆ ಬರದ ಕಾಯಿಲೆಯಿಲ್ಲ. ಮನೆಯಲ್ಲಿ ನೋಡಿದರೆ ನೆಗಡಿಗೂ ಮಲಗಿದವಳಲ್ಲ.

ಸಂಜೆ ಬಾಗಿಲು ತೆರೆದವಳು ಎಂದಿನಂತೆ ಬ್ಯಾಗು ಇಸಿದುಕೊಂಡಳು, ಕಾಫಿ ತಂದಿಟ್ಟಳು. ಕಾಫಿ ಲೋಟದಲ್ಲೇ ಆರಿತು. ಅವಳೇ ಎದುರಿಗೆ ಕೂತಳು. ಮಂಗಳವಾರ, ಶುಕ್ರವಾರ ಅಕ್ಕನ ಮನೆಗೆ ಹೋಗುತ್ತೇನೆಂದು ಸುಳ್ಳು ಹೇಳುತ್ತಿದ್ದುದನ್ನು ಒಪ್ಪಿಕೊಂಡಳು. ಪೂರ್ತಿ ಕಲಿತು, ಒಂದು ಬೆಳಗ್ಗೆ ಇವರೆದುರು ಪೇಪರ್ ಹಿಡಿದು ಕೂರಬೇಕೆಂಬ ಆಸೆಯಿತ್ತಂತೆ.

"ಕನ್ನಡಿ ಮುಂದೆ ಭಾಷಣ ಪ್ರಾಕ್ಟೀಸ್ ಮಾಡ್ತೀರಲ್ಲ, ಕಲಿಯೋಕೆ ವಯಸ್ಸಿಲ್ಲ ಅಂತ. ಪಾತ್ರೆ ತೊಳೀತಾ ಕೇಳಿಸ್ಕೊಂಡು ನಾನು ನಂಬಿದೆ ರೀ. ನೀವೇ ನಂಬಿಲ್ಲ ಅಂತ ಇವತ್ತು ಗೊತ್ತಾಯ್ತು."

ಇನ್ನು ಕ್ಲಾಸಿಗೆ ಹೋಗುವುದಿಲ್ಲ, ತನ್ನಿಂದ ಇವರ ಮರ್ಯಾದೆಗೆ ಕುಂದು ಬೇಡ ಎಂದು ಹೇಳಿ ಪುಸ್ತಕವನ್ನು ಬೀರುವಿನ ಮೇಲಿಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕೂಗಾಡಿದ್ದರೆ ಇವರೂ ಏನಾದರೊಂದು ಹೇಳಿ ಬಚಾವಾಗುತ್ತಿದ್ದರು.

ಮೂರು ದಿನ ಆ ಬೀರುವಿನ ಕಡೆ ತಲೆಯೆತ್ತಲು ಸಾಹೇಬರಿಗೆ ನಾಚಿಕೆಯಾಯಿತು. ಸಾವಿರಾರು ಜನರಿಗೆ ಅಕ್ಷರ ಕಲಿಸಿದೆನೆಂದು ಶಾಲು ಹೊದಿಸಿಕೊಂಡವರು, ಮನೆಯ ಒಬ್ಬಳ ಓದನ್ನು ಎರಡು ಸಲ ಬಿಡಿಸಿದ್ದರು. ಈ ಸಲ ಬಿಟ್ಟರೆ ಅವಳು ಮತ್ತೆ ಪುಸ್ತಕ ಮುಟ್ಟುವವಳಲ್ಲ. ಆ ನಗುವೂ ತನ್ನ ಪಾಲಿಗೆ ಇನ್ನಿಲ್ಲ ಅನ್ನಿಸಿತು.

ಶುಕ್ರವಾರ ರಜೆ ಹಾಕಿದರು. ಪುಸ್ತಕ ಇಳಿಸಿ ಅವಳ ಮುಂದೆ ಹಿಡಿದು, ಹೋಗೋಣ ಬಾ, ನಾನೂ ಬರ್ತೀನಿ ಎಂದರು.

"ಯಾಕೆ, ಇನ್ನೇನಾದ್ರೂ ಬರ್ಕೊಳ್ಳೋದು ಬಾಕಿ ಇದೆಯಾ?"

ಹಾಗೆಂದರೂ ಚಪ್ಪಲಿ ಮೆಟ್ಟಿಕೊಂಡಳು. ಬಸ್ಸಿನಲ್ಲಿ ಪಕ್ಕಪಕ್ಕ ಕೂತರು. ಇವರು ಬೆವರುತ್ತಿದ್ದುದನ್ನು ಕಂಡು ಕಿಟಕಿಯನ್ನು ಸ್ವಲ್ಪ ಸರಿಸಿದಳು, ಅಷ್ಟೇ.

ಹದಿಮೂರು ಜನ ಕಲಿಯುವವರ ಮುಂದೆ ನಿರ್ದೇಶಕರು ಕೈಕಟ್ಟಿ ನಿಂತರು.

"ಇವಳು ನನ್ನ ಹೆಂಡತಿ. ಮೊನ್ನೆ ಗುರುತಿಲ್ಲದವನ ಹಾಗೆ ಹೆಸರು ಕೇಳಿದೆ. ಓದು ಬರಲ್ಲ ಅಂತ ಇಷ್ಟು ವರ್ಷ ಇವಳನ್ನ ಮುಚ್ಚಿಟ್ಟೆ. ನಾಚ್ಕೋಬೇಕಾದವನು ನಾನು. ಇವಳಂದ್ರೆ ನನಗೆ ಪ್ರಾಣ. ಅದನ್ನೂ ಯಾರೆದುರಿಗೂ ಹೇಳಿರಲಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಬೆಂಚಿನಲ್ಲಿದ್ದ, ಕೆಳಗಿನ ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸು ಇವರನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದಳು. ಕೂರುವುದಾದರೆ ಕೂರಿ, ಪಾಠಕ್ಕೆ ಹೊತ್ತಾಯಿತು ಎಂದರು ನರ್ಸಮ್ಮ.

ಎಲ್ಲಿ ಕೂರುವುದು? ಹೆಂಡತಿಯ ಕಿವಿ ಕೆಂಪಾಗಿತ್ತು. ತಲೆಯೆತ್ತದೆ ಗೋಡೆಯ ಕಡೆ ಒಂದಿಷ್ಟು ಸರಿದಳು. ಸಾಹೇಬರು ಮೊಣಕಾಲು ಮಡಿಸಿ ಹೇಗೋ ತೂರಿಕೊಂಡರು.

ಓದುವ ಸರದಿ ಅವಳಿಗೇ ಬಂತು. ಪುಟದ ಕೊನೆಯ ಸಾಲಿನಲ್ಲಿ ತಡೆದಳು. ಪದ ಇವರ ನಾಲಿಗೆಯ ತುದಿಗೆ ಬಂದಿತ್ತು, ಹಲ್ಲು ಕಚ್ಚಿ ಸುಮ್ಮನಾದರು. ಅವಳ ಬೆರಳು ಅಕ್ಷರದಿಂದ ಅಕ್ಷರಕ್ಕೆ ನಡೆಯಿತು, ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಸಂಜೆಯವರೆಗೂ ಬೇಕಾದರೆ ಕಾಯುತ್ತೇನೆ ಅಂದುಕೊಂಡರು. ಕೊನೆಗೆ ಅವಳೇ ಓದಿದಳು. ಸರಿಯಾಗಿಯೇ ಓದಿದಳು.

ಡೆಸ್ಕಿನ ಕೆಳಗೆ ಅವರು ಮೆಲ್ಲಗೆ ಅವಳ ಕೈ ಹಿಡಿದರು.

"ಬಿಡಿ, ಪುಟ ತಿರುಗಿಸ್ಬೇಕು," ಎಂದು ಪಿಸುಗುಟ್ಟಿದಳು. ತಿರುಗಿಸಿದ್ದು ಇನ್ನೊಂದು ಕೈಯಲ್ಲಿ.