ಧವಳೆ ಅತ್ತದ್ದು ಯಾಕೆ?

ಬಹಳ ಹಿಂದಿನ ಮಾತು. ಮೋಡಗಳು ಕೋಟೆಗೋಡೆಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಕಂಚುಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಧವಳೆ ಎಂಬ ಬಿಳಿಯ ಹೆಣ್ಣಾನೆ ಇತ್ತು. ಅವಳು ಅತ್ತರೆ ಕಣ್ಣೀರು ನೆಲ ಮುಟ್ಟುವಷ್ಟರಲ್ಲಿ ಮುತ್ತಾಗುತ್ತಿತ್ತು. ಆ ಮುತ್ತುಗಳನ್ನೆಲ್ಲ ಪೋಣಿಸಿ ಕೊರಳಿಗೆ ಹಾಕಿಕೊಂಡವನು ಕಜ್ಜಲನೆಂಬ ಮಾಂತ್ರಿಕ. ಒಂದು ಮುತ್ತು ಸೇರಿದರೆ ಅವನ ಮುಖದ ಒಂದು ಸುಕ್ಕು ಮಾಯ. ಊರೆಲ್ಲ ಇದನ್ನು ನೋಡುತ್ತಿತ್ತು. ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ಆ ರಾಜ್ಯದ ನ್ಯಾಯ ಹೀಗಿತ್ತು. ಆರೋಪ ಬಂದವರ ಕೈಗೆ ಸಂಕೋಲೆ ತೊಡಿಸಿ ಧವಳೆಯ ಮುಂದೆ ನಿಲ್ಲಿಸುವುದು. ಧವಳೆ ಅತ್ತರೆ ಅವರು ಪಾಪಿಗಳು. ಕಜ್ಜಲ ತನ್ನ ಮುತ್ತಿನ ಸರವನ್ನು ಅವರ ತಲೆಗೆ ಸೋಕಿಸುತ್ತಿದ್ದ. ನಿಂತವರು ನಿಂತಲ್ಲೇ ಕಲ್ಲಾಗುತ್ತಿದ್ದರು. ಅಂಗಳದಲ್ಲಿ ಅಂಥ ಕಲ್ಲುಗಳ ದೊಡ್ಡ ಸಾಲೇ ಇತ್ತು. ಸಾಲಿನ ತುದಿಗೊಂದು ಗುಂಡುಬಂಡೆ. ಅದರ ಮೇಲೆ ಅರಮನೆಯ ಹೆಂಗಸರು ಹಪ್ಪಳ ಒಣಹಾಕುತ್ತಿದ್ದರು.

ಕೋಟೆಬಾಗಿಲಿನ ಕಾವಲುಗಾರ ಕೇತ. ಅವನಕ್ಕ ಸಾಂತವ್ವ ಅರಮನೆಯ ಸೂಲಗಿತ್ತಿ. ರಾಣಿಗೆ ಹುಟ್ಟಿದ ಗಂಡುಮಗುವನ್ನು ಕೈಯಲ್ಲಿ ಹಿಡಿದವಳು ಅವಳೇ. ನಾಮಕರಣದ ದಿನ ಆ ಮಗು ತೊಟ್ಟಿಲಲ್ಲಿ ಮಲಗಿದ್ದು ಮತ್ತೆ ಏಳಲೇ ಇಲ್ಲ. ಉಸಿರಿತ್ತು, ಎಚ್ಚರವಿರಲಿಲ್ಲ. "ಸೂಲಗಿತ್ತಿ ಮಾಟ ಮಾಡಿದ್ದಾಳೆ" ಅಂದ ಕಜ್ಜಲ. ಅಂದದ್ದೇ ತಡ, ಸಂಕೋಲೆ ಬಂತು.

ಸಂಕೋಲೆಯ ಬಳೆ ಎಷ್ಟು ಅಗಲವಿತ್ತೆಂದರೆ, ಜಾರದಿರಲೆಂದು ಅವಳ ಮಣಿಕಟ್ಟಿಗೆ ಬಟ್ಟೆ ಸುತ್ತಬೇಕಾಯಿತು. ಧವಳೆ ನೋಡಿದಳು. ಅತ್ತಳು. ಮುತ್ತು ಉರುಳಿತು. ನೆರೆದ ಜನ "ಆಹಾ" ಅಂದರು.

"ನಿಲ್ಲಿಸಿ!" ಕೇತ ಈಟಿಯನ್ನು ನೆಲಕ್ಕೆ ಕುಕ್ಕಿ ಅಂಗಳದ ನಡುವೆ ಬಂದ.

"ಈಗ ಬಂದೆಯೇನೋ?" ಸಾಂತವ್ವ ತಮ್ಮನನ್ನು ದುರುಗುಟ್ಟಿಕೊಂಡು ನೋಡಿದಳು. "ಹೂವಾಡಗಿತ್ತಿ ನಾಗಿಯನ್ನು ಎಳಕೊಂಡು ಬಂದಾಗ ಇದೇ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದೆಯಲ್ಲ!"

ಆ ಮಾತು ಕೇತನಿಗೆ ನೆಟ್ಟಗೆ ನಾಟಿತು. ಸಿಟ್ಟು ಇಮ್ಮಡಿಯಾಯಿತು. ಅರ್ಧ ಕಜ್ಜಲನ ಮೇಲೆ, ಅರ್ಧ ತನ್ನ ಮೇಲೆ.

"ಆನೆ ಅತ್ತದ್ದು ನಿಜ, ನಾನೂ ಕಂಡೆ" ಅಂದ. "ಪಾಪ ಕಂಡು ಅತ್ತಳು ಅಂತ ನಿಮಗೆ ಹೇಗೆ ಗೊತ್ತು?"

ಕಜ್ಜಲ ನಕ್ಕ. "ಇದುವರೆಗೆ ಒಮ್ಮೆಯಾದರೂ ತಪ್ಪಿದ್ದಾಳೆಯೇ? ಅಷ್ಟೂ ಪಾಪಿಗಳು ಇಲ್ಲೇ ಸಾಲಾಗಿ ನಿಂತಿದ್ದಾರೆ. ಒಬ್ಬರಾದರೂ ಇಲ್ಲ ಅಂತಾರೇನು, ಕೇಳು."

"ಕಲ್ಲು ಹೇಗಯ್ಯಾ ಮಾತಾಡುತ್ತೆ? ಬಾಯಿ ಕಟ್ಟಿದವನೂ ನೀನೇ, ಅವರು ಒಪ್ಪಿದರು ಅನ್ನುವವನೂ ನೀನೇ! ಆರೋಪವಿಲ್ಲದ ಒಬ್ಬರನ್ನಾದರೂ ಆನೆಯ ಮುಂದೆ ನಿಲ್ಲಿಸಿದ್ದೀರಾ?"

ಮಂತ್ರಿ ಬೊಮ್ಮರಸ ಹೊಟ್ಟೆ ಸವರಿಕೊಂಡ. "ತಪ್ಪು ಮಾಡದವರನ್ನು ಯಾಕಪ್ಪ ನಿಲ್ಲಿಸಬೇಕು? ಎಲ್ಲರಿಗೂ ಗೊತ್ತಿರುವ ವಿಷಯ ಇದು."

ದೊರೆ ಬೀರರಸ ಮಗುವಿನ ಚಿಂತೆಯಲ್ಲಿ ಸೊರಗಿಹೋಗಿದ್ದ. ಆದರೂ ಕಿವಿ ಸತ್ತಿರಲಿಲ್ಲ. "ಹೊತ್ತು ಮುಳುಗುವ ತನಕ ಸಮಯ ಕೊಟ್ಟೆ. ಮೂರು ಪರೀಕ್ಷೆ ಮಾಡು. ಸೋತರೆ ಅಕ್ಕನ ಪಕ್ಕದಲ್ಲಿ ನೀನೂ ಕಲ್ಲು."

ಮೊದಲ ಪರೀಕ್ಷೆ. "ಯಾವ ಪಾಪವನ್ನೂ ಅರಿಯದವರು ಒಬ್ಬರು ಬಂದು ಸಂಕೋಲೆ ತೊಡಲಿ" ಎಂದ ಕೇತ. ನೆರೆದವರು ಒಬ್ಬರ ಬೆನ್ನಿಗೆ ಒಬ್ಬರು ಅಡಗಿದರು. ಆಗ ಮುದುಕಿ ರಾಜಮಾತೆ ಮೆಟ್ಟಿಲಿಳಿದು ಬಂದು ಕೈ ಚಾಚಿದಳು. "ತೊಡಿಸಪ್ಪ. ಅಯ್ಯೋ, ಈ ಒಂದು ಬಳೆಯಲ್ಲಿ ನನ್ನ ಎರಡೂ ಕೈ ಹಿಡಿಸುತ್ತವಲ್ಲ!"

ಧವಳೆ ನೋಡಿದಳು. ಅತ್ತಳು. ಮುತ್ತು ಉರುಳಿತು.

ಕಜ್ಜಲ ಕಣ್ಣು ಮುಚ್ಚಿ ತಲೆಯಾಡಿಸಿದ. "ಅಂದರೆ ರಾಜಮಾತೆಯಲ್ಲೂ ಯಾವುದೋ ಗುಪ್ತಪಾಪ ಇದೆ." ಜನ "ಇರಬಹುದು, ಇರಬಹುದು" ಎಂದು ಗುಸುಗುಟ್ಟಿದರು. ಜೀವಮಾನವಿಡೀ ಅವಳ ಕೈಯ ಅನ್ನ ಉಂಡವರೂ ಅಂದರು.

ಕೇತನ ಕಣ್ಣು ಕೆಂಡವಾಯಿತು. "ಆನೆ ಏನು ಮಾಡಿದರೂ ನಿನ್ನ ಮಾತೇ ಗೆಲ್ಲಬೇಕು, ಅಲ್ಲವೇ? ಇನ್ನು ಆಗದು. ಆನೆ ನೋಡುವ ಮೊದಲೇ ಹೇಳು. ಸಂಕೋಲೆ ಬಿಚ್ಚಿದರೆ ನಮ್ಮಕ್ಕನ ಪಾಪ ಹೋಗುತ್ತದೆಯೋ, ಇರುತ್ತದೆಯೋ?"

"ಹೋಗುವುದೆಲ್ಲಿಗೆ? ಇರುತ್ತದೆ."

"ಹಾಗಾದರೆ ಧವಳೆ ಅಳಬೇಕು."

"ಅ... ಅಳಬೇಕು."

"ಎಲ್ಲರೂ ಕೇಳಿದಿರಲ್ಲ?"

ಎರಡನೆಯ ಪರೀಕ್ಷೆ. ಸಂಕೋಲೆಯನ್ನು ಬೊಮ್ಮರಸನ ಉತ್ತರೀಯದ ಅಡಿಯಲ್ಲಿ ಮುಚ್ಚಿಟ್ಟರು. ಸಾಂತವ್ವ ಬರಿಗೈಯಲ್ಲಿ ನಡೆದುಹೋಗಿ ಧವಳೆಯ ಮುಂದೆ ನಿಂತಳು. ಧವಳೆ ಅಳಲಿಲ್ಲ. ಸೊಂಡಿಲು ಚಾಚಿ ಅವಳ ಮುಡಿ ಮೂಸಿದಳು, ಸೆರಗಿನ ಗಂಟಿನಲ್ಲಿದ್ದ ಬೆಲ್ಲದ ಚೂರನ್ನು ಹುಡುಕಿ ತೆಗೆದು ಬಾಯಿಗೆ ಹಾಕಿಕೊಂಡಳು.

"ಅತ್ತು ಅತ್ತು ಕಣ್ಣು ಬತ್ತಿದೆ!" ಅಂದ ಕಜ್ಜಲ.

"ಬತ್ತಿದೆಯೋ ಇಲ್ಲವೋ ಈಗಲೇ ನೋಡೋಣ. ಬರೀ ಸಂಕೋಲೆ ತೋರಿಸುತ್ತೇನೆ. ಒಳಗೆ ಯಾರ ಕೈಯೂ ಇಲ್ಲ."

ಕಜ್ಜಲ ಮೊದಲ ಸಲ ಕೂಗಾಡಿದ. "ಕೂಡದು! ಬರೀ ಸಂಕೋಲೆ ತೋರಿಸುವುದು ಶಾಸ್ತ್ರಕ್ಕೆ ವಿರುದ್ಧ!"

ದೊರೆ ತಲೆಯೆತ್ತಿದ. "ರಾಜಮಾತೆಯನ್ನು ನಿಲ್ಲಿಸಿದಾಗ ಅಡ್ಡಬಾರದ ಶಾಸ್ತ್ರ ಈಗೆಲ್ಲಿಂದ ಬಂತು? ಬೊಮ್ಮರಸರೇ, ಕಬ್ಬಿಣಕ್ಕೆ ಪಾಪ ಉಂಟೇ?"

"ಇ... ಇಲ್ಲ ಪ್ರಭು."

"ತೋರಿಸು."

ಮೂರನೆಯ ಪರೀಕ್ಷೆ. ಕೇತ ಉತ್ತರೀಯ ಸರಿಸಿ ಸಂಕೋಲೆಯನ್ನು ನೆಲದ ಮೇಲೆ ಎಳೆದುಕೊಂಡು ಬಂದ. ಅದರ ಸದ್ದಿಗೇ ಧವಳೆಯ ಕಿವಿ ನಿಮಿರಿತು. ನೋಡಿದಳು. ಅತ್ತಳು. ಹಿಂದೆಂದೂ ಅಳದ ಹಾಗೆ ಅತ್ತಳು. ಮುತ್ತುಗಳು ಅಂಗಳದ ತುಂಬ ಉರುಳಾಡಿದವು.

"ಯಾರ ಪಾಪ ಇದು?" ಕೇತ ಗರ್ಜಿಸಿದ. "ಹೇಳಿ! ಯಾರದು?" ಬಳೆಯನ್ನು ಎತ್ತಿ ಹಿಡಿದ. "ನೋಡಿ, ಮನುಷ್ಯರ ಕೈಗೆ ಮಾಡಿದ್ದಲ್ಲ ಇದು. ದೊಡ್ಡ ಆನೆಯ ಕಾಲಿಗೂ ಅಲ್ಲ."

"ಮರಿಯ ಕಾಲಿಗೆ" ಎಂದಳು ರಾಜಮಾತೆ ನಿಧಾನಕ್ಕೆ. "ಧವಳೆಯನ್ನು ಕಾಡಿನಿಂದ ತಂದಾಗ ಜೊತೆಗೊಂದು ಮರಿ ಇತ್ತು. ಸಂಕೋಲೆ ಕಳಚಿಕೊಂಡು ಓಡಿಹೋಯಿತು ಅಂದಿದ್ದ ಕಜ್ಜಲ."

"ನೀವು ನಂಬಿದಿರಿ."

"ನಂಬಿದೆವಪ್ಪ."

ಎಲ್ಲರ ಕಣ್ಣೂ ಸಾಲಿನ ತುದಿಯ ಗುಂಡುಬಂಡೆಯತ್ತ ಹೊರಳಿದವು. ಹಪ್ಪಳದ ಕೆಳಗೆ ಪುಟ್ಟ ಬೆನ್ನು. ಮಡಿಸಿದ ಮೊಣಕಾಲು. ಹೆಂಗಸೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು.

ಕಜ್ಜಲ ಕೊರಳ ಸರವನ್ನು ಕಿತ್ತು ಕೇತನ ತಲೆಯತ್ತ ಬೀಸಿದ. ಧವಳೆಯ ಸೊಂಡಿಲು ಅದಕ್ಕಿಂತ ಚುರುಕಾಗಿತ್ತು. ಸರವನ್ನು ಗಾಳಿಯಲ್ಲೇ ಹಿಡಿದು ಎಳೆದಳು, ದಾರ ಹರಿಯಿತು. ಮುತ್ತುಗಳೆಲ್ಲ ಮತ್ತೆ ಕಣ್ಣೀರಾಗಿ ಅಂಗಳದಲ್ಲಿ ಹರಿದವು. ಕಳಕೊಂಡ ಸುಕ್ಕುಗಳೆಲ್ಲ ಒಟ್ಟಿಗೆ ಕಜ್ಜಲನ ಮುಖಕ್ಕೆ ಮರಳಿದವು. ಅವನು ಮುದುಡಿ, ಒಣಗಿ, ಹಿಡಿ ಮಸಿಯಾಗಿ ಉದುರಿದ.

ಆ ನೀರು ತಾಕಿದ ಕಲ್ಲುಗಳು ಉಸಿರೆಳೆದವು. ಹಪ್ಪಳ ಚೆಲ್ಲಾಡಿತು, ಮರಿಯಾನೆ ಎದ್ದು ತಾಯಿಯ ಕಾಲಡಿ ನುಗ್ಗಿತು. ಕಜ್ಜಲನ ಮಾಟ ಕಳಚಿ ಅರಮನೆಯೊಳಗೆ ಮಗು ಚೀರಿತು. "ಹಸಿವಪ್ಪಾ ಅದಕ್ಕೆ!" ಎಂದು ಸಾಂತವ್ವ ಎಲ್ಲವನ್ನೂ ಮರೆತು ಒಳಗೆ ಓಡಿದಳು.

ಬೊಮ್ಮರಸ ಉತ್ತರೀಯ ಕೊಡವಿಕೊಂಡು, "ನನಗೆ ಮೊದಲಿನಿಂದಲೂ ಅನುಮಾನ ಇತ್ತು" ಅಂದ. "ನಮಗೂ, ನಮಗೂ" ಅಂದರು ಜನ.

ಕಜ್ಜಲನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆಗ ಕೇತನಿಗೆ ಬಂತು. "ಅನುಮಾನ ಇತ್ತೇ? ಇದ್ದೂ ಆಹಾ ಅಂದಿರೇ?"

ಕಲ್ಲುಪುಡಿ ಒರೆಸಿಕೊಳ್ಳುತ್ತ ಹೂವಾಡಗಿತ್ತಿ ನಾಗಿ ಎದುರು ಬಂದು ನಿಂತಳು. "ನೀನೂ ಅವತ್ತು ಬಾಗಿಲಲ್ಲಿದ್ದೆ ಅಲ್ಲವೇನಣ್ಣ?"

"ಇದ್ದೆನವ್ವ" ಅಂದ ಕೇತ, ತಲೆ ತಗ್ಗಿಸಿ.

ದೊರೆ ಧವಳೆಯನ್ನೂ ಮರಿಯನ್ನೂ ಕಾಡಿಗೆ ಬಿಡಿಸಿದ. ಸಂಕೋಲೆಯನ್ನು ನ್ಯಾಯಮಂಟಪದ ಬಾಗಿಲಿಗೆ ತೂಗುಹಾಕಿಸಿದ. ದೂರು ತರುವವನು ಏನು ಕಂಡರೆ ತನ್ನ ಮಾತು ಸುಳ್ಳೆಂದು ಒಪ್ಪುವನೆಂಬುದನ್ನು ಅದರ ಕೆಳಗೆ ನಿಂತು ಮೊದಲೇ ಹೇಳಬೇಕಿತ್ತು. ಹೇಳಲಾಗದವನ ದೂರು ಒಳಗೆ ಹೋಗುತ್ತಿರಲಿಲ್ಲ. ಆ ಬಾಗಿಲಿನ ಕಾವಲಿಗೆ ಕೇತನೇ ನಿಂತ.

ಕಂಚುಗಿರಿಯ ಜನ ಅಂದಿನಿಂದ ಸುಖವಾಗಿದ್ದರು. ನಾಗಿ ಹೂ ಮಾರಿದಳು, ರಾಜಕುಮಾರ ಅಂಗಳದಲ್ಲಿ ಅಂಬೆಗಾಲಿಟ್ಟ. ಕೇತನ ಸಿಟ್ಟು ಮಾತ್ರ ಇಳಿಯಲಿಲ್ಲ. ಯಾರಾದರೂ ಬಂದು, "ಅಯ್ಯೋ, ಅದು ಎಲ್ಲರಿಗೂ ಗೊತ್ತಿರುವ ವಿಷಯ" ಅಂದರೆ ಸಾಕು, ಈಟಿ ಅಡ್ಡ ಬರುತ್ತಿತ್ತು.

"ಹೇಗೆ ಗೊತ್ತು?"