ಕಣದ ಕುರ್ಚಿ

ಮೊದಲ ಭೇಟಿಯಲ್ಲೇ ನಾನು ಮೋಹಿತ್‌ನನ್ನು ಅಂಗಡಿಯಿಂದ ಹೊರಗೆ ಕಳಿಸಿದ್ದೆ.

ಮೂಡಿಗೆರೆ ಬಸ್‌ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಕಾಫಿಪುಡಿ ಅಂಗಡಿ. ಸ್ಕೂಲ್ ಬಿಟ್ಟ ಮೇಲೆ ನನ್ನ ಮಗಳು ಪಂಚಮಿ ಅಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಾಳೆ. ಅವನು ಬಂದು ಕೌಂಟರ್‌ಗೆ ಒರಗಿ ನಿಂತ, ಸೀನಿದ. ನಾನು ರಸ್ತೆ ಕಡೆ ಕೈ ತೋರಿಸಿದೆ.

ಬೇರೆಯವರಾಗಿದ್ದರೆ ಜಗಳಕ್ಕೆ ಬರುತ್ತಿದ್ದರು. ಇವನು ಮೆಟ್ಟಿಲಿಳಿದು, ಚರಂಡಿಯ ಆಚೆ ನಿಂತು, "ಅರ್ಧ ಕೆಜಿ, ಚಿಕೋರಿ ಬೇಡ. ಇಲ್ಲಿಂದ ಕೇಳಿದ್ರೆ ಕೊಡ್ತೀರಲ್ಲ?" ಎಂದ. ಕೊಟ್ಟಿಗೆಹಾರದ ಹತ್ತಿರ ಸ್ವಂತ ತೋಟವಂತೆ. ಮತ್ತೆ ಪುಡಿ ಕೊಳ್ಳುವುದೇಕೆ ಎಂದರೆ, ಒಳ್ಳೆ ಬೀಜವೆಲ್ಲ ಮಾರಿ ಮನೆಗೆ ಉಳಿಯುವುದು ಜಳ್ಳು ಎಂದ. ನಗಬಾರದು ಅಂದುಕೊಂಡರೂ ನಗು ಬಂತು.

ಶೀತ ಬಿಟ್ಟ ಮೇಲೆ ಮತ್ತೆ ಬಂದ. ಆವತ್ತು ಹೊರಗೆ ಕಳಿಸಿದ ಕಾರಣ ಹೇಳಿದೆ. ಪಂಚಮಿಗೆ ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನಿಂದ ಹೊರಬಿದ್ದ ಕಾಫಿಬೀಜಕ್ಕೆ ಅಂಟಿಕೊಂಡಿರುತ್ತದಲ್ಲ ಲೋಳೆ, ಹಾಗೆ ಅವಳ ಶ್ವಾಸಕೋಶದಲ್ಲಿ ಕಫ ಅಂಟುತ್ತದೆ. ದಿನಕ್ಕೆರಡು ಹೊತ್ತು ನೆಬ್ಯುಲೈಸರ್ ಕೊಟ್ಟು, ಬೆನ್ನು ತಟ್ಟಿ ಸಡಿಲ ಮಾಡಬೇಕು. ಬೇರೆ ಮಕ್ಕಳಿಗೆ ಮೂಗು ಸೋರಿಸಿ ಹೋಗುವ ವೈರಸ್ ಇವಳನ್ನು ಆಸ್ಪತ್ರೆಯಲ್ಲಿ ಮಲಗಿಸುತ್ತದೆ. ಹೋದ ಚಳಿಗಾಲ ಮಂಗಳೂರಿನಲ್ಲಿ ಆಕ್ಸಿಜನ್ ಹಾಕಿದ್ದರು. ಕಾಯಿಲೆಯ ಹೆಸರು ಗೊತ್ತಾದ ವರ್ಷವೇ ಅವಳ ಅಪ್ಪ ನಮ್ಮನ್ನು ಬಿಟ್ಟು ಹೋಗಿದ್ದ.

ಮೋಹಿತ್ ಹೋಗಲಿಲ್ಲ. ಸಂಜೆ ಮನೆಗೆ ಬಂದು ಬೆನ್ನು ತಟ್ಟುವುದು ಕಲಿತ. ಪಂಚಮಿಯೇ ಗುರು. "ಅಂಕಲ್, ರೊಟ್ಟಿ ತಟ್ಟಿದ ಹಾಗಲ್ಲ. ಕೈ ಬೊಗಸೆ ಮಾಡ್ಕೊಳ್ಳಿ" ಎಂದು ಗದರುತ್ತಿದ್ದಳು. ಅವಳ ತಲೆಯ ಮೇಲಿಂದ ಅವನು ನನ್ನ ಕಡೆ ನೋಡುತ್ತಿದ್ದ. ಮಗಳು ಥೇಟ್ ನಿನ್ನ ಹಾಗೆ ಎಂಬ ನೋಟ. ನಾನು ಸುಮ್ಮನೆ ನೆಬ್ಯುಲೈಸರ್ ತೊಳೆಯಲು ಎದ್ದು ಹೋಗುತ್ತಿದ್ದೆ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದೆ.

ಕಾಫಿ ಕೊಯ್ಲಿನ ದಿನಗಳಲ್ಲಿ ಅವನ ಅಮ್ಮ ರುಕ್ಮಿಣಮ್ಮ ಸಂಬಂಧದ ಮಾತಿಗೆ ನಮ್ಮ ಮನೆಗೆ ಬಂದರು. ಜೀಪಿನಿಂದ ಇಳಿಯುವಾಗಲೇ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಒಳಗಿನಿಂದ ಕುರ್ಚಿ ತಂದು, ಅಂಗಳದಾಚೆ ಕಾಫಿ ಒಣಹಾಕಿದ್ದ ಕಣದಲ್ಲಿ ಇಟ್ಟು, ಬಿಸಿಲು ಚೆನ್ನಾಗಿದೆ, ಇಲ್ಲೇ ಕೂರಿ ಎಂದೆ. ಕಾರಣ ಹೇಳಬೇಕಿತ್ತು. ಸಂಬಂಧ ಕೇಳಲು ಬಂದವರ ಎದುರು ಮಗಳ ಕಾಯಿಲೆಯ ಹೆಸರೆತ್ತಲು ನಾಲಿಗೆ ಏಳಲಿಲ್ಲ.

ಅವರು ಅರ್ಧ ಲೋಟ ಕಾಫಿ ಕುಡಿದರು. "ನಮ್ಮಲ್ಲಿ ಕಣದಲ್ಲಿ ಕೂರಿಸೋದು ಕೂಲಿಗೆ ಬಂದವ್ರನ್ನ ಕಣಮ್ಮ" ಎಂದು ಹೇಳಿ ಹೊರಟರು.

ಮರುದಿನ ಮೋಹಿತ್‌ನ ಮೆಸೇಜ್ ಬಂತು, ಸ್ವಲ್ಪ ದಿನ ಬರೋಕಾಗಲ್ಲ ಅಂತ. ನಾನು 'ಸರಿ' ಎಂದು ಕಳಿಸಿದೆ. ಯಾಕೆ ಎಂದು ಕೇಳಲಿಲ್ಲ. ಒಬ್ಬ ಬಿಟ್ಟು ಹೋದದ್ದನ್ನು ನೋಡಿದವಳಿಗೆ ಇನ್ನೊಬ್ಬನ ಕಾರಣ ಕೇಳುವ ಉಮೇದು ಇರುವುದಿಲ್ಲ.

ಆದರೆ ಕಾಲು ಒಂದು ಕಡೆ ನಿಲ್ಲಲಿಲ್ಲ. ಕೊಟ್ಟಿಗೆಹಾರದ ಕಡೆಯಿಂದ ಜೀಪು ಬಂದಾಗಲೆಲ್ಲ ಅಂಗಡಿಯ ಬಾಗಿಲಿಗೆ ಬರುತ್ತಿದ್ದೆ. ತೂಕ ತಪ್ಪುತ್ತಿತ್ತು. ನನ್ನ ಅಪ್ಪ ತಿಮ್ಮಪ್ಪ, ಒಂದು ಫೋನ್ ಮಾಡಬಾರದಾ ಎಂದರೆ, ಬೇಕಿದ್ದರೆ ನೀನೇ ಮಾಡು ಎಂದು ಸಿಡುಕಿದೆ. ಮೋಹಿತ್ ನನಗೆ ಬೇಕಾಗಿದ್ದ, ಅದೇ ಸಿಟ್ಟು.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ. ಊರವರನ್ನೆಲ್ಲ ಹೊರಗೆ ನಿಲ್ಲಿಸಿದ ನನಗೇ ಒಂದು ಬೆಳಿಗ್ಗೆ ಸೀನು ಶುರುವಾಯಿತು. ಮಾಸ್ಕ್ ಮೇಲೆ ಮಾಸ್ಕ್ ಹಾಕಿ ಪಂಚಮಿಯ ಬೆನ್ನು ತಟ್ಟಿದೆ. ಸೀನು ಬಂದಾಗ ಬಾಗಿಲಾಚೆ ಓಡಿದೆ. ಸಂಜೆಗೆ ಜ್ವರ. ಅಪ್ಪನ ಬೆರಳುಗಳು ವಾತದಿಂದ ಮಡಚುವುದಿಲ್ಲ. ಮಗಳು ದಿಂಬಿನ ಮೇಲೆ ಕವುಚಿ ಮಲಗಿ ಕಾಯುತ್ತಿದ್ದಳು. ಇನ್ನು ನಾನು ಅವಳ ಹತ್ತಿರ ಹೋಗುವ ಹಾಗಿರಲಿಲ್ಲ, ತಟ್ಟದೆ ಬಿಡುವ ಹಾಗೂ ಇರಲಿಲ್ಲ.

ಫೋನ್ ಮಾಡಿದೆ. ಹಲೋ ಅನ್ನುವ ಮೊದಲೇ "ನಿಂಗೆ ಶೀತ ಇದೆಯಾ?" ಎಂದೆ.

"ಇತ್ತು. ಅಮ್ಮಂದು ನಂಗೂ ಹತ್ತಿತ್ತು. ಬಿಟ್ಟು ವಾರದ ಮೇಲಾಯ್ತು, ಇನ್ನೆರಡು ದಿನ ನೋಡಿ ಬರೋಣ ಅಂತಿದ್ದೆ."

"ಅದನ್ನ ಹೇಳಬಾರದಿತ್ತಾ?"

"ಶೀತ ಇದ್ರೆ ಬರಬಾರದು ಅಂತ ನೀನೇ ಕಲಿಸಿದ್ದಲ್ವಾ ಮಾರಾಯ್ತಿ. ನಿಂಗೆ ಗೊತ್ತಾಗತ್ತೆ ಅಂದ್ಕೊಂಡೆ."

ನನ್ನ ಮೂಗಿನ ಸದ್ದು ಕೇಳಿಯೇ ಅವನಿಗೆ ಎಲ್ಲ ತಿಳಿಯಿತು. ಈಗಲೇ ಹೊರಟೆ ಎಂದ.

ಜೀಪಿನಿಂದ ರುಕ್ಮಿಣಮ್ಮನೂ ಇಳಿದರು. ಅವನು ಕೈತೊಳೆದು, ಮಾಸ್ಕ್ ಹಾಕಿಕೊಂಡು ಒಳಗೆ ಹೋದ. ನಾನು ಶಾಲು ಹೊದ್ದು ಕಣದ ಅದೇ ಕುರ್ಚಿಯಲ್ಲಿ ಕೂತಿದ್ದೆ. ಅಪ್ಪ ರುಕ್ಮಿಣಮ್ಮನನ್ನು ಒಳಗೆ ಕರೆದರೆ, ಕೆಮ್ಮು ಇನ್ನೂ ಪೂರ್ತಿ ಬಿಟ್ಟಿಲ್ಲ, ಮಗುಗೆ ಬೇಡ ಎಂದು ಜಗುಲಿಯ ಸ್ಟೂಲನ್ನು ತಾವೇ ಎತ್ತಿಕೊಂಡು ಬಂದು, ನನ್ನಿಂದ ಸ್ವಲ್ಪ ದೂರದಲ್ಲಿ ಹಾಕಿಕೊಂಡರು. ಫ್ಲಾಸ್ಕ್‌ನಿಂದ ಮೆಣಸಿನ ಕಷಾಯ ಬಗ್ಗಿಸಿ ಕೊಟ್ಟರು.

"ಮಗು ವಿಷಯ ಮೋಹಿತ್ ಆಮೇಲೆ ಹೇಳಿದ. ನೀನು ಆವತ್ತೇ ಹೇಳಿದ್ರೆ ನಾನು ಜೀಪಿಂದಲೇ ಇಳೀತಿರ್ಲಿಲ್ಲ ಕಣಮ್ಮ" ಎಂದರು. ಕ್ಷಮಿಸಿ ಅಮ್ಮ ಎಂದೆ. ಕುಡಿ, ಆರಿಹೋಗತ್ತೆ ಎಂದರು.

ತೆರೆದ ಕಿಟಕಿಯಿಂದ ಸದ್ದು ಶುರುವಾಯಿತು. ಬೊಗಸೆ ಅಂಗೈ ಬೆನ್ನ ಮೇಲೆ ಬೀಳುವ ಸದ್ದು, ಪಂಚಮಿ ಕೆಮ್ಮಿ ಕಫ ಉಗುಳುವುದು, ಮತ್ತೆ ಅಂಗೈ. ಒಂದು ಏಟೂ ತಪ್ಪಲಿಲ್ಲ. ಎಷ್ಟೋ ದಿನಗಳ ಮೇಲೆ ನನ್ನ ಕಾಲು ಸುಮ್ಮನಾಯಿತು. ಅತ್ತೆ ಆಗುವವರ ಎದುರೇ ಅತ್ತುಬಿಟ್ಟೆ.

"ಮೋಹಿತ್, ನೀನಿಲ್ದೆ ನಂಗಾಗಲ್ಲ. ನನ್ನ ಮದ್ವೆ ಆಗ್ತೀಯಾ?" ಎಂದು ಕಿಟಕಿಗೆ ಕೇಳುವ ಹಾಗೆ ಕೇಳಿದೆ.

ತಟ್ಟುವ ಸದ್ದು ನಿಂತಿತು. ಕೈ ನಿಲ್ಲಿಸಬಾರದು ಅಂಕಲ್ ಎಂದು ಪಂಚಮಿ ಗದರಿದಳು. ಸದ್ದು ಮತ್ತೆ ಶುರುವಾಯಿತು.

"ಆಗ್ತೀನಿ" ಎಂದ. "ಆದ್ರೆ ಮೊದಲು ನಿನ್ನ ಶೀತ ಬಿಡ್ಲಿ. ಅಲ್ಲೀತನಕ ಒಳಗೆ ಬಿಡಲ್ಲ."

ರುಕ್ಮಿಣಮ್ಮ ನಕ್ಕು, ನನ್ನ ಲೋಟಕ್ಕೆ ಇನ್ನಷ್ಟು ಕಷಾಯ ಬಗ್ಗಿಸಿದರು.