ತುಟಿ ವಾಪಸ್ ಬರುವವರೆಗೆ

ಹಲ್ಲಿಗೆ ಸಿಮೆಂಟ್ ತುಂಬಿಸಿಕೊಂಡವರು ಕುರ್ಚಿಯಿಂದ ಇಳಿಯುವಾಗ "ನೋವು ಯಾವಾಗ ಹೋಗುತ್ತೆ ಡಾಕ್ಟ್ರೇ?" ಎಂದು ಕೇಳುತ್ತಾರೆ. ಎದುರಿನ ಬೀಜದಂಗಡಿಯವಳು ಹಾಗೆ ಕೇಳಲಿಲ್ಲ. ಕನ್ನಡಿ ನೋಡುತ್ತಾ ಕೆಳತುಟಿಯನ್ನು ಬೆರಳಿನಿಂದ ತಟ್ಟಿ, "ನನ್ನ ತುಟಿ ಯಾವಾಗ ವಾಪಸ್ ಬರುತ್ತೆ?" ಎಂದಳು.

ಹಲ್ಲಿನ ಡಾಕ್ಟರ್ ಕೈಗವಸು ಬಿಚ್ಚುತ್ತಾ ನಕ್ಕ. "ಎಲ್ಲೂ ಹೋಗಿಲ್ಲ, ಮರಗಟ್ಟಿದೆ ಅಷ್ಟೇ. ಸಂಜೆ ಹೊತ್ತಿಗೆ ಸರಿಹೋಗುತ್ತೆ."

"ಸಂಜೆಗಾ? ಅಯ್ಯೋ ದೇವರೇ! ಮಧ್ಯಾಹ್ನ ಚಾಕ್ಲೇಟ್ ಮಾಡ್ಬೇಕು. ನನಗೆ ತುಟೀನೇ ಥರ್ಮಾಮೀಟರ್!"

ಮರುದಿನ ವಸಂತದ ರಜೆ. ಪ್ರತಿವರ್ಷ ಆ ದಿನ ಬೀದಿಯ ಮಕ್ಕಳಿಗೆಲ್ಲ ಇವಳ ಅಜ್ಜಿ ಕೈಯಾರೆ ಚಾಕ್ಲೇಟ್ ಮಾಡಿ ಹಂಚುತ್ತಿದ್ದರು. ಈ ಸಲ ಮೊದಲ ಬಾರಿಗೆ ಮೊಮ್ಮಗಳ ಸರದಿ. ಕರಗಿದ ಚಾಕ್ಲೇಟನ್ನು ಕೆಳತುಟಿಗೆ ಒಂದು ಚುಕ್ಕೆ ಹಚ್ಚಿಕೊಂಡು ನೋಡಬೇಕು. ಚೂರೇ ಚೂರು ತಣ್ಣಗೆನಿಸಿದರೆ ಅಚ್ಚಿಗೆ ಹೊಯ್ಯಬಹುದು; ಆಗ ಅದು ಮುರಿದರೆ ಟಕ್ಕೆನ್ನುವ ಹಾಗೆ ಗಟ್ಟಿಯಾಗುತ್ತದೆ. ಬಿಸಿಯಿದ್ದಾಗ ಹೊಯ್ದರೆ ಬೆಳಗಾಗುವಷ್ಟರಲ್ಲಿ ಬಿಳಿಚಿಕೊಂಡು ಮೆತ್ತಗಾಗುತ್ತದೆ.

"ನಿಜವಾದ ಥರ್ಮಾಮೀಟರ್ ಸಿಗುತ್ತಲ್ಲ?"

"ಅಜ್ಜಿ ಎದುರಿಗೆ ಹೇಳಿ ನೋಡಿ."

"ಅಜ್ಜಿಯದೇ ತುಟಿ ಇದೆಯಲ್ಲ?"

"ಈ ಸಲ ಕೈಯೂ ಹಾಕಲ್ಲ, ಬಾಯೂ ಹಾಕಲ್ಲ ಅಂತ ಆಣೆ ಮಾಡಿ ಕೂತಿದ್ದಾರೆ."

ಡಾಕ್ಟರಿಗೆ ಬೆರಗಾಯಿತು. ದಿನವಿಡೀ ಬಾಯಿಗಳನ್ನೇ ನೋಡುವವನು ಅವನು. ತುಟಿಗೆ ಇಂಥದೊಂದು ವಿದ್ಯೆ ಇದೆಯೆಂದು ಯಾವ ಪುಸ್ತಕವೂ ಅವನಿಗೆ ಹೇಳಿರಲಿಲ್ಲ. ಬೆರಗಿನ ಕೆಳಗೆ ಒಂದು ಸಂಕಟವೂ ಇತ್ತು. ಇವತ್ತಿಗೆ ಅವಳ ಹಲ್ಲಿನ ಕೆಲಸ ಮುಗಿದಿತ್ತು. ಇನ್ನು ಅವಳು ಈ ಮೆಟ್ಟಿಲು ಹತ್ತಲು ಕಾರಣವಿಲ್ಲ. ಅವನಂತೂ ಅವಳ ಅಂಗಡಿಯಲ್ಲಿ ಬೀಜದ ಪೊಟ್ಟಣ ಕೊಂಡೂ ಕೊಂಡೂ, ಬಿತ್ತಲು ಮನೆಯಲ್ಲಿ ಒಂದು ಕುಂಡವೂ ಇಲ್ಲದೆ ಕೂತಿದ್ದ.

"ನನ್ನ ತುಟಿ ನಡೆಯುತ್ತಾ?" ಮಾತು ಬಾಯಿಂದ ಜಾರಿಯೇ ಹೋಯಿತು.

ಅಂಗೈಯಲ್ಲಿ ಬೀಜ ಹರವಿ ಗಟ್ಟಿಯೋ ಜೊಳ್ಳೋ ಎಂದು ನೋಡುವ ಹಾಗೆ ಅವಳು ಅವನ ತುಟಿಯನ್ನು ನೋಡಿದಳು. "ಅನುಭವ ಇಲ್ಲ. ಆದ್ರೆ ಬೇರೆ ಗತಿಯೂ ಇಲ್ಲ. ಮಧ್ಯಾಹ್ನ ಬನ್ನಿ."

ಅಡುಗೆಮನೆ ಚಿಕ್ಕದು. ಒಲೆಯ ಮೇಲೆ ಬಿಸಿನೀರು, ಅದರ ಮೇಲೆ ತಾಮ್ರದ ಪಾತ್ರೆ. ಮೇಜಿನ ಮೇಲೆ ಮೊಗ್ಗು, ಎಲೆ, ಹಕ್ಕಿಯ ಅಚ್ಚುಗಳು. ಪಕ್ಕದಲ್ಲಿ ಸಣ್ಣಗೆ ಹೆಚ್ಚಿದ ಕಿತ್ತಳೆ ಸಿಪ್ಪೆ. ಬಾಗಿಲ ಬಳಿಯ ಕುರ್ಚಿಯಲ್ಲಿ ಅಜ್ಜಿ, ಬಾದಾಮಿ ಆರಿಸುವ ನೆಪದಲ್ಲಿ ತಿನ್ನುತ್ತಾ ಕೂತಿದ್ದರು.

"ಹಲ್ಲು ಕೆಡಿಸೋ ಕೆಲಸಕ್ಕೆ ಹಲ್ಲಿನ ಡಾಕ್ಟ್ರೇ ಬಂದ್ರಾ? ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತು!"

ಪಾತ್ರೆ ಕೆಳಗಿಳಿಸಿ ಅವಳು ತಿರುವತೊಡಗಿದಳು. ನಡುವೆ ಗಟ್ಟಿ ಚಾಕ್ಲೇಟಿನ ಒಂದು ತುಂಡನ್ನು ಹಾಕಿದಳು.

"ಅದ್ಯಾಕೆ? ಕಷ್ಟಪಟ್ಟು ಕರಗಿಸಿದ್ದೀರಲ್ಲ?"

"ಗಟ್ಟಿ ಇರೋದನ್ನ ನೋಡಿ ಕರಗಿದ್ದಕ್ಕೆ ಗಟ್ಟಿಯಾಗೋದು ಹೇಗೆ ಅಂತ ನೆನಪಾಗುತ್ತಂತೆ. ಅಜ್ಜಿ ಹೇಳೋ ಮಾತು. ತುಟಿ ಕೊಡಿ."

ಚಮಚದ ತುದಿಯಿಂದ ಅವನು ಒಂದು ಚುಕ್ಕೆ ಹಚ್ಚಿಕೊಂಡ. ಅವಳು ಬಗ್ಗಿ, ರೆಪ್ಪೆ ಮಿಟುಕಿಸದೆ ನೋಡಿದಳು. ಅವಳ ಹುಬ್ಬಿನ ಮೇಲೂ ಚಾಕ್ಲೇಟ್ ಇತ್ತು.

"ಬಿಸಿ," ಎಂದ.

ಮತ್ತೆ ತಿರುವಿದಳು. "ಈಗ?"

"ಬಿಸಿ."

ಇನ್ನೂ ಬಹಳ ಹೊತ್ತು ತಿರುವಿದಳು. "ಈಗ?"

"ಬಿಸಿನೇ."

ಅವಳು ಪಾತ್ರೆಯನ್ನು ಹೊರಗಿನಿಂದ ಮುಟ್ಟಿದಳು. "ಸಾಧ್ಯವೇ ಇಲ್ಲ. ನಿಮ್ಮ ತುಟಿ ಸುಳ್ಳು ಹೇಳ್ತಿದೆ."

"ಸುಳ್ಳಲ್ಲ. ನೀವು ಇಷ್ಟು ಹತ್ತಿರ ನಿಂತು ನೋಡ್ತಿದ್ರೆ ನನಗೆ ಎಲ್ಲವೂ ಬಿಸಿ ಅನ್ಸುತ್ತೆ. ಸ್ವಲ್ಪ ಆ ಕಡೆ ತಿರುಗಿ."

ಬಾಗಿಲ ಬಳಿ ಬಾದಾಮಿ ಅಗಿಯುವ ಸದ್ದು ನಿಂತಿತು. ಅವಳು ಕಿಟಕಿಯ ಕಡೆ ತಿರುಗಿದಳು. ಕಿವಿ ಮಾತ್ರ ಕಾಣುತ್ತಿತ್ತು, ಅದೂ ಕೆಂಪಾಗಿತ್ತು. ಅವನು ಕಣ್ಣು ಮುಚ್ಚಿಕೊಂಡು ಇನ್ನೊಂದು ಚುಕ್ಕೆ ಹಚ್ಚಿಕೊಂಡ.

"ತಣ್ಣಗಿದೆ."

"ಎಷ್ಟು?"

"ತಣ್ಣಗೆ ಅಂತ ಹೇಳೋಕೆ ಸಂಕೋಚ ಆಗುವಷ್ಟು."

"ಅಷ್ಟೇ ಬೇಕಾಗಿದ್ದು! ಹಿಡ್ಕೊಳ್ಳಿ, ಬೇಗ!"

ಅವಳು ಹೊಯ್ದಳು, ಅವನು ತಟ್ಟೆ ಕುಟ್ಟಿದ, ಗಾಳಿಗುಳ್ಳೆಗಳು ಒಡೆದವು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೈ, ಬಾಯಿ, ಡಾಕ್ಟರ ಬಿಳಿ ಅಂಗಿ ಎಲ್ಲವೂ ಚಾಕ್ಲೇಟ್. ಆಮೇಲೆ ಕಾಯುವುದೊಂದೇ ಕೆಲಸ. ಅವಳು ಅವನ ಕಡೆ ನೋಡಲಿಲ್ಲ, ಅವನು ಅವಳ ಕಡೆ ನೋಡಲಿಲ್ಲ, ಅಜ್ಜಿ ಇಬ್ಬರನ್ನೂ ನೋಡಿದರು.

ಬಿಸಿಲು ಇಳಿದಾಗ ಅಜ್ಜಿ ಒಂದು ಹಕ್ಕಿಯನ್ನು ಅಚ್ಚಿನಿಂದ ಬಿಡಿಸಿ ಕಿವಿಯ ಹತ್ತಿರ ಹಿಡಿದು ಮುರಿದರು.

ಟಕ್.

"ಈ ಪಾತ್ರೆ ಇನ್ಮೇಲೆ ನಿಂದು, ಪುಟ್ಟಿ." ಮೊಮ್ಮಗಳ ಕಣ್ಣು ತುಂಬಿಬಂತು. ಅಜ್ಜಿ ಹಕ್ಕಿಯ ರೆಕ್ಕೆ ಚೀಪುತ್ತಾ ಡಾಕ್ಟರ ಕಡೆ ತಿರುಗಿದರು. "ಒಂದು ಮಾತು ಡಾಕ್ಟ್ರೇ. ನನ್ನ ದವಡೆ ಹಲ್ಲು ಕಿತ್ತಾಗ ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ತುಟಿ ಸರಿಯಾಗಿತ್ತು. ಇವಳದ್ದು ಒಂದು ಪುಟ್ಟ ತೂತು. ಅದಕ್ಕೆ ಸಂಜೆವರೆಗೂ ಯಾಕಪ್ಪಾ?"

ಡಾಕ್ಟರ್ ಅಂಗಿಯ ಮೇಲಿನ ಚಾಕ್ಲೇಟ್ ಕಲೆ ಉಜ್ಜತೊಡಗಿದ.

"ಯಾಕೆ?" ಅವಳೂ ಕೇಳಿದಳು.

"ಮರಗಟ್ಟೋಕೆ ಒಂದು ಸೂಜಿ ಸಾಕಿತ್ತು. ಅದು ಹಾಕಿದ ಮೇಲೂ ನೀವು ಕುರ್ಚಿ ಕೈಯನ್ನ ಗಟ್ಟಿಯಾಗಿ ಹಿಡ್ಕೊಂಡೇ ಇದ್ರಿ. ನಿಮಗೆ ನೋವಾಗೋದನ್ನ ನನ್ನ ಕೈಲಿ ನೋಡೋಕಾಗಲ್ಲ ಅನ್ಸಿ ಇನ್ನೊಂದು ಹಾಕ್ಬಿಟ್ಟೆ. ಬೇರೆ ಯಾರ ವಿಷಯದಲ್ಲೂ ಹಾಗೆ ಅನ್ಸಿದ್ದಿಲ್ಲ." ಅವನು ಉಸಿರೆಳೆದುಕೊಂಡ. "ನಿಮ್ಮನ್ನ ಕಂಡ್ರೆ ನನಗೆ ತುಂಬ ಇಷ್ಟ. ಹಲ್ಲಿನ ಕೆಲಸ ಮುಗೀತು, ಇನ್ನು ನೀವು ಬರಲ್ಲ ಅಂತ ಬೆಳಗ್ಗಿಂದ ಸಂಕಟ."

ಅಜ್ಜಿ ಎದ್ದರು. "ಒಣಗಿದ ಬಟ್ಟೆ ತರ್ತೀನಿ." ಆ ದಿನ ಅವರ ಮನೆಯಲ್ಲಿ ಯಾರೂ ಬಟ್ಟೆ ಒಗೆದಿರಲಿಲ್ಲ.

ಅವಳು ಪಾತ್ರೆಯ ತಳವನ್ನು ಸುಮ್ಮನೆ ಕೆರೆಯುತ್ತಾ ನಿಂತಳು. "ನೀವು ಎರಡನೇ ಸಲ ಬಿಸಿ ಅಂದಾಗ ನನ್ನ ತುಟಿ ಚುರುಚುರು ಅಂತಿತ್ತು. ಮೂರನೇ ಸಲಕ್ಕೆ ಪೂರ್ತಿ ವಾಪಸ್ ಬಂದಿತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀವು ಇನ್ನೊಂದು ಸೂಜಿ ಹಾಕಿದ್ದು ಯಾಕೋ, ಅದಕ್ಕೇ."

ಅವನ ಕೆಳತುಟಿಯ ಮೇಲೆ ಚಾಕ್ಲೇಟಿನ ಒಂದು ಚುಕ್ಕೆ ಇನ್ನೂ ಉಳಿದಿತ್ತು. ಅದನ್ನು ತೆಗೆಯಲು ಅವಳು ಬೆರಳು ಚಾಚಲಿಲ್ಲ, ಮುಖವನ್ನೇ ತಂದಳು.

"ಈಗ ಹೇಳಿ," ಎಂದ ಅವನು, ದನಿ ಮರಳಿ ಬಂದ ಮೇಲೆ. "ಬಿಸಿನಾ, ತಣ್ಣಗಾ?"

ಬೀಜದಂಗಡಿಯವಳು ಹುಬ್ಬುಗಂಟಿಕ್ಕಿ ಯೋಚಿಸಿದಳು.

"ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ನೋಡ್ಬೇಕು."